200 ಗಂಟೆ ವಿಡಿಯೋ ನೋಡಿದರೂ ಇಂಟರ್ನಲ್‌ನಲ್ಲಿ ಯಾಕೆ ಬರೆಯಲು ಆಗಲಿಲ್ಲ?

ಪ್ರಶ್ನೆ: ಮೇಡಂ, ನಾನು ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದ ಎಂಬಿಬಿಎಸ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕ್ಲಾಸಿನಲ್ಲಿ ಇಂಗ್ಲಿಷ್ ಸ್ಪೀಡಾಗಿ ಹೋಗುತ್ತದೆ ಅಂತ ಸೀನಿಯರ್‌ಗಳು ಹೇಳಿದ ಆ್ಯಪ್ ತಗೊಂಡೆ. ನೋಡುವಾಗ ಎಲ್ಲಾ ಅರ್ಥ ಆಗುತ್ತದೆ. ಸುಮಾರು 200 ಗಂಟೆ ವಿಡಿಯೋ ನೋಡಿದ್ದೇನೆ. ಆದರೆ ಇಂಟರ್ನಲ್‌ನಲ್ಲಿ ಪೇಪರ್ ಕೈಗೆ ಬಂದಾಗ ಏನೂ ಹೊಳೆಯಲಿಲ್ಲ. ಅನಾಟಮಿ, ಫಿಸಿಯಾಲಜಿ ಎರಡರಲ್ಲೂ ಫೇಲ್. ಒಬ್ಬರು ಆಂಕಿ (ಪ್ರಶ್ನೆಯ ಕಾರ್ಡ್‌ಗಳನ್ನು ಮತ್ತೆ ಮತ್ತೆ ಕೇಳುವ ಆ್ಯಪ್) ಮಾಡು ಅನ್ನುತ್ತಾರೆ, ಇನ್ನೊಬ್ಬರು 3ಡಿ ಅನಾಟಮಿ ಇದ್ದರೆ ಡಿಸೆಕ್ಷನ್ ಹಾಲ್ (ಶವ ಬಿಡಿಸಿ ಕಲಿಯುವ ಕೋಣೆ) ಯಾಕೆ ಅನ್ನುತ್ತಾರೆ. ಅಪ್ಪ ಮುಂದಿನ ವರ್ಷಕ್ಕೂ ಆ್ಯಪ್‌ಗೆ ದುಡ್ಡು ಕಟ್ಟಬೇಕಾ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. 200 ಗಂಟೆ ಕೂತು ವಿಡಿಯೋ ನೋಡಿದವರು ಸೋಮಾರಿ ಅಲ್ಲ. ಕನ್ನಡ ಮೀಡಿಯಂನಿಂದ ಬಂದು ನೀಟ್ ಬರೆದು ಸರ್ಕಾರಿ ಸೀಟು ತಗೊಂಡವರು ದಡ್ಡರೂ ಅಲ್ಲ. ಈ ಎರಡು ಅನುಮಾನವನ್ನು ಇವತ್ತೇ ತಲೆಯಿಂದ ತೆಗೆಯಿರಿ. ನೀವು ಪಟ್ಟ ಕಷ್ಟ ಬೇರೆ ಕಡೆ ಹೋಗಿ ಬಿದ್ದಿದೆ, ಅಷ್ಟೇ.

‘ನೋಡುವಾಗ ಎಲ್ಲಾ ಅರ್ಥ ಆಗುತ್ತದೆ’ ಅಂತ ಬರೆದಿದ್ದೀರಿ. ತೊಂದರೆ ಇರುವುದು ಅಲ್ಲೇ. ಅರ್ಥ ಆಗುವುದು ಒಂದು ಕೆಲಸ, ಬೇಕಾದಾಗ ನೆನಪಿನಿಂದ ತೆಗೆಯುವುದು ಇನ್ನೊಂದು ಕೆಲಸ. ಅಮ್ಮ ರೊಟ್ಟಿ ತಟ್ಟುವುದನ್ನು ಹತ್ತು ವರ್ಷದಿಂದ ನೋಡಿರುತ್ತೀರಿ, ಅದರಲ್ಲಿ ಅರ್ಥ ಆಗದ್ದು ಏನೂ ಇಲ್ಲ, ಆದರೂ ಮೊದಲ ಸಲ ನೀವೇ ಕೂತು ತಟ್ಟಿದಾಗ ಅಂಚು ಒಡೆಯುತ್ತದೆ, ಅಲ್ವಾ? ಪರೀಕ್ಷೆಯಲ್ಲಿ ಆಗಿದ್ದು ಅದೇ. ಅಲ್ಲಿಯವರೆಗೆ ನೀವು ಒಂದು ಸಲವೂ ತಟ್ಟಿಯೇ ಇರಲಿಲ್ಲ.

ಇದು ನನ್ನ ಊಹೆ ಅಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪು ಒಂದೇ ಸರದಿ ಓದಿತು, ಉಳಿದ ಮೂರು ಸರದಿಯಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ ಇದ್ದರು. ಒಂದು ವಾರ ಬಿಟ್ಟು ಕೇಳಿದರೆ ಬರೀ ಓದಿದವರಿಗೆ ಸುಮಾರು ಶೇಕಡಾ 40ರಷ್ಟು ನೆನಪಿತ್ತು, ಬರೆದು ನೋಡಿದವರಿಗೆ ಸುಮಾರು 61ರಷ್ಟು. ಇನ್ನೂ ಮುಖ್ಯವಾದದ್ದು ಕೇಳಿ: ಒಂದು ವಾರ ಆದ ಮೇಲೆ ನನಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇದ್ದದ್ದು ನಾಲ್ಕು ಸಲ ಓದಿದ ಗುಂಪಿಗೆ. ನೀವು ಇಂಟರ್ನಲ್‌ಗೆ ಹೋದದ್ದು ಅದೇ ಧೈರ್ಯದಲ್ಲಿ.

ಹಾಗಾದರೆ ಆ್ಯಪ್‌ದೇ ತಪ್ಪಾ? ಅಲ್ಲ. ಡೇವಿಡ್ ಕುಕ್ ಮತ್ತು ಜೊತೆಗಾರರು 2008ರಲ್ಲಿ ವೈದ್ಯಕೀಯ ಕ್ಷೇತ್ರದ ಇಂಟರ್ನೆಟ್ ಕಲಿಕೆಯ ಬಗ್ಗೆ ಬಂದಿದ್ದ 201 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಏನೂ ಪಾಠ ಸಿಗದವರಿಗೆ ಹೋಲಿಸಿದರೆ ಇಂಟರ್ನೆಟ್‌ನಲ್ಲಿ ಕಲಿತವರು ಬಹಳ ಮುಂದೆ ಇದ್ದರು. ಬೇರೆ ರೀತಿಯಲ್ಲಿ ಕಲಿತವರಿಗೆ ಹೋಲಿಸಿದರೆ ಒಟ್ಟಾರೆ ವ್ಯತ್ಯಾಸ ಸಣ್ಣದು, ಅದೂ ಒಂದೊಂದು ಕಡೆ ಒಂದೊಂದು ಥರ. ಅಂದರೆ ಪಾಠ ಸ್ಕ್ರೀನಿನಲ್ಲಿ ಬಂತಾ, ಬೋರ್ಡಿನಲ್ಲಿ ಬಂತಾ ಅನ್ನುವುದಕ್ಕಿಂತ ಆ ಹೊತ್ತಿನಲ್ಲಿ ನಿಮ್ಮ ತಲೆ ಏನು ಕೆಲಸ ಮಾಡಿತು ಅನ್ನುವುದು ಮುಖ್ಯ. ಕ್ಲಾಸಿನಲ್ಲಿ ಸುಮ್ನೆ ಕೂತವರಿಗೂ ಇದೇ ಗತಿ. 2020ರಲ್ಲಿ ಕಾಲೇಜು ಮುಚ್ಚಿದಾಗ ನಾನೂ ಆನ್‌ಲೈನ್ ಕ್ಲಾಸ್ ತಗೊಂಡೆ, ಗಂಟೆಗೆ ಅರವತ್ತು ಸ್ಲೈಡ್ ಓಡಿಸಿದೆ, ಒಂದು ಪ್ರಶ್ನೆ ಕೇಳಲಿಲ್ಲ. ಆ ಬ್ಯಾಚ್ ವಾರ್ಡಿಗೆ ಬಂದಾಗ ನಾನು ಕಲಿಸಿದ್ದು ಎಷ್ಟು ಉಳಿದಿಲ್ಲ ಅಂತ ನೋಡಿ ನನಗೆ ನಿಜಕ್ಕೂ ಬೇಸರ ಆಯಿತು. ಆಮೇಲೆ ನನ್ನ ಪಾಠದ ರೀತಿಯೇ ಬದಲಾಯಿತು.

ಈಗ ನಿಮ್ಮ ಆ್ಯಪ್‌ನಲ್ಲಿರುವ ಒಂದೇ ಒಂದು ವಿಡಿಯೋ ತಗೊಳ್ಳೋಣ. ಕಾರ್ಡಿಯಾಕ್ ಸೈಕಲ್, ಅಂದರೆ ಒಂದು ಬಡಿತದಲ್ಲಿ ಹೃದಯದೊಳಗೆ ನಡೆಯುವುದು. ಪಕ್ಕದಲ್ಲಿ ಬಿಳಿ ಹಾಳೆ ಇಡಿ. ಮೊದಲ ಎರಡು ನಿಮಿಷ ನೋಡಿ. ವೆಂಟ್ರಿಕಲ್ (ಹೃದಯದ ಕೆಳಕೋಣೆ) ಒತ್ತಡ ಏರಲು ಶುರುವಾಗಿ ಏಟ್ರಿಯಂ (ಮೇಲಿನ ಕೋಣೆ) ಒತ್ತಡವನ್ನು ದಾಟುವ ಕ್ಷಣ ಬರುತ್ತದಲ್ಲ, ಅಲ್ಲಿ ಪಾಸ್ ಒತ್ತಿ. ಈಗ ಯಾವ ಕವಾಟ ಮುಚ್ಚುತ್ತದೆ? ಎಡಗಡೆ ಆದರೆ ಮೈಟ್ರಲ್. ಯಾವ ಸದ್ದು ಬರುತ್ತದೆ? ಮೊದಲ ಹಾರ್ಟ್ ಸೌಂಡ್. ಅಯೋರ್ಟಿಕ್ ಕವಾಟ ಆಗಲೇ ತೆರೆದಿದೆಯಾ? ಇಲ್ಲ, ಆ ಕವಾಟದಾಚೆಯ ದೊಡ್ಡ ರಕ್ತನಾಳ ಅಯೋರ್ಟದ ಒತ್ತಡ ಇನ್ನೂ ಮೇಲಿದೆ. ಹಾಗಾದರೆ ಎರಡೂ ಕವಾಟ ಮುಚ್ಚಿರುವ ಈ ಹೊತ್ತಿನಲ್ಲಿ ವೆಂಟ್ರಿಕಲ್‌ನಲ್ಲಿರುವ ರಕ್ತದ ಪ್ರಮಾಣ ಏನಾಗುತ್ತದೆ? ಬದಲಾಗುವುದಿಲ್ಲ. ಐಸೊವಾಲ್ಯುಮೆಟ್ರಿಕ್ ಅನ್ನುವ ಆ ಉದ್ದ ಹೆಸರು ಬಂದದ್ದೇ ಇದಕ್ಕೆ. ಪ್ರತಿ ಉತ್ತರವನ್ನೂ ಮೊದಲು ಹಾಳೆಯಲ್ಲಿ ಬರೆಯಿರಿ, ಆಮೇಲೆ ಪ್ಲೇ ಒತ್ತಿ ಸರಿ ತಪ್ಪು ನೋಡಿ. ಎಂಟು ನಿಮಿಷದ ವಿಡಿಯೋಗೆ ಅರ್ಧ ಗಂಟೆ ಹಿಡಿಯುತ್ತದೆ. ಹಿಡಿಯಲಿ. ಕೊನೆಗೆ ಫೋನ್ ತಿರುಗಿಸಿಟ್ಟು ಇಡೀ ಗ್ರಾಫ್ ನೆನಪಿನಿಂದ ಎಳೆಯಿರಿ, ಎಲ್ಲಿ ಕೈ ನಿಂತಿತೋ ಆ ಜಾಗವನ್ನು ಮಾತ್ರ ಮತ್ತೆ ನೋಡಿ.

ಎರಡು ಪಟ್ಟು ಸ್ಪೀಡಿನಲ್ಲಿ ನೋಡುವುದನ್ನು ಸದ್ಯಕ್ಕೆ ಬಿಡಿ. ಇಂಗ್ಲಿಷ್ ಇನ್ನೂ ಕಿವಿಗೆ ಹೊಂದಿಲ್ಲದವರು ಹಾಗೆ ನೋಡಿದರೆ ಪದ ಹಿಡಿಯುವುದರಲ್ಲೇ ತಲೆ ಸುಸ್ತಾಗುತ್ತದೆ, ವಿಷಯ ಯೋಚಿಸಲು ಜಾಗವೇ ಉಳಿಯುವುದಿಲ್ಲ. ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮತ್ತೆ, ಪಾಸ್ ಮಾಡಿದಾಗ ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಜೋರಾಗಿ ಹೇಳಿಕೊಳ್ಳಿ. ‘ಬಾಗಿಲು ಎರಡೂ ಹಾಕಿದೆ, ಒಳಗೆ ಒತ್ತಡ ಏರುತ್ತಿದೆ’ ಅಂತ ಹೇಳಿಕೊಂಡವರಿಗೆ ಆಮೇಲೆ ಇಂಗ್ಲಿಷ್ ಪದ ತಾನಾಗಿ ಅಂಟುತ್ತದೆ.

ಆಂಕಿ ವಿಷಯಕ್ಕೆ ಬರೋಣ. ಅದು ಒಳ್ಳೆಯ ಸಾಧನ, ಕಂಪ್ಯೂಟರ್‌ನಲ್ಲಿ ಮತ್ತು ಆಂಡ್ರಾಯ್ಡ್ ಫೋನಿನಲ್ಲಿ ದುಡ್ಡು ಕೊಡಬೇಕಿಲ್ಲ. ಆಂಕಿ ಅಂದರೆ ಜಪಾನಿ ಭಾಷೆಯಲ್ಲಿ ಬಾಯಿಪಾಠ ಅಂತಲೇ ಅರ್ಥ. ಅದರ ಹಿಂದಿನ ಯೋಚನೆ ಹಳೆಯದು. ನಾವು ಕಲಿತದ್ದು ಎಷ್ಟು ಬೇಗ ಸೋರಿಹೋಗುತ್ತದೆ ಅಂತ 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ದ. ಮರೆಯುವ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ಕೇಳಿದರೆ ನೆನಪು ಗಟ್ಟಿ ಆಗುತ್ತದೆ, ಆಂಕಿ ಆ ಲೆಕ್ಕವನ್ನು ನಿಮ್ಮ ಬದಲು ಇಟ್ಟುಕೊಳ್ಳುತ್ತದೆ.

ಆದರೆ ಸೀನಿಯರ್ ಕೊಟ್ಟ ಸಾವಿರಾರು ಕಾರ್ಡಿನ ಡೆಕ್ ಹಾಕಿಕೊಂಡು ಮೂರನೇ ವಾರಕ್ಕೆ ಕೈ ಬಿಟ್ಟವರನ್ನು ಪ್ರತಿ ವರ್ಷ ನೋಡುತ್ತೇನೆ. ದಿನಕ್ಕೆ ಇಪ್ಪತ್ತು ಹೊಸ ಕಾರ್ಡ್ ಅಂದರೆ ಕಡಿಮೆ ಅನಿಸುತ್ತದೆ, ಹಳೆಯವು ಮರಳಿ ಬರಲು ಶುರುವಾದಾಗ ದಿನಕ್ಕೆ ನೂರು ದಾಟುತ್ತದೆ, ಎರಡು ದಿನ ಬಿಟ್ಟರೆ ಬೆಟ್ಟದಷ್ಟು ಆಗಿರುತ್ತದೆ. ನೀವು ದಿನಕ್ಕೆ ಎಂಟೋ ಹತ್ತೋ ಕಾರ್ಡ್ ಮಾಡಿ. ನೀವೇ ಮಾಡಿ, ಅದೂ ಅವತ್ತು ಎಡವಿದ ಜಾಗದಿಂದ ಮಾತ್ರ.

ಕಾರ್ಡ್ ಹೇಗಿರಬೇಕು ಅಂತ ತೋರಿಸುತ್ತೇನೆ. ‘ಬ್ರೇಕಿಯಲ್ ಪ್ಲೆಕ್ಸಸ್ (ತೋಳಿನ ನರಗಳ ಜಾಲ) ವಿವರಿಸಿ’ ಅನ್ನುವುದು ಕಾರ್ಡ್ ಅಲ್ಲ, ಅದು ಹತ್ತು ಮಾರ್ಕಿನ ಪ್ರಶ್ನೆ. ಹೀಗೆ ಬರೆಯಿರಿ: ‘ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತ್ತು. ಮಗುವಿನ ತೋಳು ಮೈಗೆ ಅಂಟಿ, ಒಳಕ್ಕೆ ತಿರುಗಿ, ಜೋತು ಬಿದ್ದಿದೆ. ಯಾವ ನರದ ಬೇರುಗಳಿಗೆ ಪೆಟ್ಟು?’ ಹಿಂಬದಿಯಲ್ಲಿ: ಸಿ5, ಸಿ6 (ಕುತ್ತಿಗೆಯ ಐದನೇ, ಆರನೇ ನರ). ಇನ್ನೊಂದು: ‘ಮಣಿಕಟ್ಟಿನ ಕಾರ್ಪಲ್ ಟನಲ್‌ನಲ್ಲಿ ಮೀಡಿಯನ್ ನರ್ವ್ ಒತ್ತಿಹೋಗಿ ಬೆರಳು ಜೋಮು ಹಿಡಿದಿದೆ. ಅಂಗೈ ನಡುವಿನ ಚರ್ಮ ಮಾತ್ರ ಸರಿಯಾಗಿದೆ. ಯಾಕೆ?’ ಹಿಂಬದಿಯಲ್ಲಿ: ಅಲ್ಲಿಗೆ ಹೋಗುವ ಕವಲು ಮಣಿಕಟ್ಟಿಗೆ ಮುಂಚೆಯೇ ಒಡೆದು ಟನಲ್‌ನ ಮೇಲಿನಿಂದ ಹೋಗುತ್ತದೆ. ಇಂಥ ಒಂದು ಕಾರ್ಡ್ ಬರೆಯಲು ಪುಸ್ತಕ ತೆಗೆಯಲೇಬೇಕು. ಆ ಹುಡುಕಾಟದಲ್ಲೇ ಅರ್ಧ ಓದು ಮುಗಿದಿರುತ್ತದೆ. ಉಳಿದರ್ಧಕ್ಕೆ, ಅಂದರೆ ಯೂನಿವರ್ಸಿಟಿ ಪರೀಕ್ಷೆಯ ಉದ್ದ ಉತ್ತರಕ್ಕೆ, ವಾರಕ್ಕೆ ಎರಡು ಸಲವಾದರೂ ಪೆನ್ನು ಹಿಡಿದು ಟೈಮ್ ಇಟ್ಟು ಬರೆಯಬೇಕು. ಎಂಸಿಕ್ಯೂ ಎಷ್ಟೇ ಮಾಡಿದರೂ ಕೈಗೆ ಬರೆಯುವ ರೂಢಿ ಆಗುವುದಿಲ್ಲ.

ಇನ್ನು ‘3ಡಿ ಇದ್ದರೆ ಡಿಸೆಕ್ಷನ್ ಹಾಲ್ ಯಾಕೆ’ ಅನ್ನುವ ನಿಮ್ಮ ಗೆಳೆಯರ ಮಾತು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇದು ಅರ್ಧ ನಿಜ.

ಕೆಲವು ವಿಷಯ ಸ್ಕ್ರೀನಿನಲ್ಲೇ ಚೆನ್ನಾಗಿ ತಿಳಿಯುತ್ತದೆ. ಎಂಬ್ರಿಯಾಲಜಿಯಲ್ಲಿ, ಅಂದರೆ ಭ್ರೂಣ ಬೆಳೆಯುವ ಪಾಠದಲ್ಲಿ, ಕರುಳು ಹೊಕ್ಕುಳಿನ ಕಡೆ ಹೊರಗೆ ಹೋಗಿ, 270 ಡಿಗ್ರಿ ತಿರುಗಿ ಹೊಟ್ಟೆಯೊಳಗೆ ಮರಳುವುದನ್ನು ಪುಸ್ತಕದ ನಾಲ್ಕು ಚಿತ್ರದಲ್ಲಿ ಹಿಡಿಯಲು ನಾನು ಒದ್ದಾಡಿದ್ದೇನೆ. ಇವತ್ತು ಎರಡು ನಿಮಿಷದ ಆ್ಯನಿಮೇಷನ್ ಅದನ್ನು ತೋರಿಸಿಬಿಡುತ್ತದೆ. ಟೆರಿಗೊಪ್ಯಾಲಟೈನ್ ಫೋಸಾ ಥರದ ಸಣ್ಣ ಗೂಡುಗಳೂ ಹಾಗೆಯೇ, ಬಾಡಿಯಲ್ಲಿ ಅಲ್ಲಿಗೆ ಕೈ ಹೋಗುವುದೇ ಕಷ್ಟ. ಅಡ್ಡ ಸೀಳುಗಳನ್ನು ಕಲಿಯಲು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ‘ವಿಸಿಬಲ್ ಹ್ಯೂಮನ್’ ಚಿತ್ರಗಳಿವೆ. 1994ರಲ್ಲಿ ಒಬ್ಬ ಪುರುಷನ ದೇಹವನ್ನು ಒಂದೊಂದು ಮಿಲಿಮೀಟರ್ ಅಂತರದಲ್ಲಿ ಸೀಳಿ ತೆಗೆದ 1,871 ಚಿತ್ರ ಹೊರಗೆ ಬಂತು, ಮರುವರ್ಷ ಒಬ್ಬ ಮಹಿಳೆಯ ದೇಹದ್ದು, ಅದಕ್ಕಿಂತ ತೆಳುವಾದ 5,000ಕ್ಕೂ ಜಾಸ್ತಿ ಸೀಳು. ಈಗ ಅವು ಎಲ್ಲರಿಗೂ ಪುಕ್ಕಟೆ. ಮುಂದೆ ಸಿಟಿ ಸ್ಕ್ಯಾನ್ ಓದುವಾಗ ಈ ಅಭ್ಯಾಸ ಕೈ ಹಿಡಿಯುತ್ತದೆ.

ಆದರೆ 3ಡಿ ಆ್ಯಪ್‌ನಲ್ಲಿ ಆರ್ಟರಿ ಕೆಂಪು, ವೇನ್ ನೀಲಿ, ನರ್ವ್ ಹಳದಿ. ಟೇಬಲ್ ಮೇಲಿನ ಬಾಡಿಯಲ್ಲಿ ಮೂರೂ ಒಂದೇ ಮಂಕು ಕಂದು. ಅಲ್ಲಿ ಕಣ್ಣಿಗಿಂತ ಬೆರಳು ಮುಖ್ಯ. ಫೋರ್ಸೆಪ್ಸ್‌ನಿಂದ ಎಳೆಯನ್ನು ಬಿಡಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉರುಳಿಸಿ ನೋಡಿ. ಒಳಗೆ ಪೊಳ್ಳು, ಗೋಡೆ ದಪ್ಪ ಅನಿಸಿದರೆ ಆರ್ಟರಿ. ಚಪ್ಪಟೆಯಾಗಿ ಕುಸಿದಿದ್ದರೆ ವೇನ್. ಗಟ್ಟಿ ದಾರದ ಹಾಗೆ ಇದ್ದರೆ ನರ್ವ್. ಆಪರೇಷನ್ ಥಿಯೇಟರ್‌ನಲ್ಲಿ ನಿಂತಾಗಲೂ ಯಾರೂ ಬಣ್ಣ ಬಳಿದು ಕೊಡುವುದಿಲ್ಲ. ಇನ್ನೊಂದು, ಎಲ್ಲಾ ಆ್ಯಪ್‌ನ ದೇಹವೂ ಪುಸ್ತಕದ ದೇಹ. ನಿಮ್ಮ ಟೇಬಲ್‌ನಲ್ಲಿ ಆರ್ಟರಿ ಪುಸ್ತಕ ಹೇಳಿದ ಜಾಗದಲ್ಲಿ ಕವಲೊಡೆಯದೆ ಮೇಲೆಯೇ ಒಡೆದಿರಬಹುದು. ಮನುಷ್ಯರು ಒಬ್ಬರ ಹಾಗೆ ಒಬ್ಬರು ಇರುವುದಿಲ್ಲ ಅನ್ನುವುದನ್ನು ಮೊದಲು ಕಲಿಸುವುದು ದೇಹದಾನ ಮಾಡಿದ ಆ ವ್ಯಕ್ತಿಯೇ. ಹಾಗಾಗಿ ಹಾಲ್‌ಗೆ ಹೋಗುವ ಮುಂಚೆ ಹತ್ತು ನಿಮಿಷ 3ಡಿ ನೋಡಿ, ಬಂದ ಮೇಲೆ ಹತ್ತು ನಿಮಿಷ ನೋಡಿ. ನಡುವಿನ ಎರಡು ಗಂಟೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪರ್ಸೆಂಟ್ ಹಾಜರಿ ಬೇಕು ಅನ್ನುವ ನಿಯಮಕ್ಕೋಸ್ಕರ ಹೇಳುತ್ತಿಲ್ಲ, ಆ ಎರಡು ಗಂಟೆ ಮತ್ತೆ ಸಿಗುವುದಿಲ್ಲ ಅಂತ ಹೇಳುತ್ತಿದ್ದೇನೆ.

ನಾನು ಮೆಡಿಸಿನ್ ಡಿಪಾರ್ಟ್‌ಮೆಂಟಿನವಳು, ನನ್ನ ಕಡೆಯ ಒಂದು ಉದಾಹರಣೆಯನ್ನೂ ಕೊಡುತ್ತೇನೆ. ಹಾರ್ಟ್ ಮರ್ಮರ್‌ಗಳ (ಬಡಿತದ ನಡುವೆ ಕೇಳಿಸುವ ಹೆಚ್ಚುವರಿ ಸದ್ದು) ರೆಕಾರ್ಡಿಂಗ್ ಈಗ ಎಲ್ಲಾ ಕಡೆ ಸಿಗುತ್ತದೆ. ಅಮೆರಿಕದಲ್ಲಿ ಬ್ಯಾರೆಟ್ ಎಂಬ ಡಾಕ್ಟರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ನಾಲ್ಕು ಮೂಲ ಮರ್ಮರ್‌ಗಳನ್ನು ತಲಾ 500 ಸಲ ಕೇಳಿಸಿದರು, ಗುರುತಿಸುವ ಶಕ್ತಿ ಬಹಳ ಏರಿತು. 2004ರಲ್ಲಿ ಪ್ರಕಟವಾದದ್ದು. ಒಬ್ಬ ರೋಗಿಯ ಎದೆಯ ಮೇಲೆ 500 ಸಲ ಸ್ಟೆತ್ ಇಡಲು ಆಗುತ್ತದಾ? ಆಗುವುದಿಲ್ಲ. ರೆಕಾರ್ಡಿಂಗ್ ಬೇಕೇ ಬೇಕು. ಆದರೆ ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಮೈಟ್ರಲ್ ಸ್ಟೆನೋಸಿಸ್‌ನ (ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ) ಮರ್ಮರ್ ಬಹಳ ತಗ್ಗಿದ ಗುಡುಗು, ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಅದು ಹೊರಡುವುದೇ ಇಲ್ಲ.

ಒಮ್ಮೆ ಫೈನಲ್ ಇಯರ್ ಹುಡುಗನೊಬ್ಬ, ರೆಕಾರ್ಡಿಂಗ್‌ನಲ್ಲಿ ಎಲ್ಲಾ ಸರಿಯಾಗಿ ಹೇಳುತ್ತಿದ್ದವನು, ವಾರ್ಡಿನಲ್ಲಿ ಒಬ್ಬ ಹೆಂಗಸಿನ ಎದೆಗೆ ಸ್ಟೆತ್ ಇಟ್ಟು ‘ಏನೂ ಇಲ್ಲ ಮೇಡಂ’ ಅಂದ. ಆಕೆ ಕೂತಿದ್ದರು, ಅವನು ಸ್ಟೆತ್‌ನ ಚಪ್ಪಟೆಯಾದ ಡಯಾಫ್ರಮ್ ಬದಿ ಒತ್ತಿ ಹಿಡಿದಿದ್ದ. ಪಕ್ಕದ ಬೆಡ್‌ನವರು ಮಾತಾಡುತ್ತಿದ್ದರು. ಆಕೆಯನ್ನು ಎಡಗಡೆಗೆ ಮಗ್ಗುಲಾಗಿ ಮಲಗಿಸಿದೆವು. ತಗ್ಗಿದ ಸದ್ದು ಹಿಡಿಯುವ ಬೆಲ್ ಬದಿಗೆ ತಿರುಗಿಸಿ, ಹೃದಯದ ಬಡಿತ ತಾಗುವ ಜಾಗದಲ್ಲಿ ಚರ್ಮಕ್ಕೆ ಸುಮ್ಮನೆ ತಾಗಿಸಿಟ್ಟ. ‘ಅಮ್ಮಾ, ಉಸಿರು ಬಿಟ್ಟು ಹಾಗೇ ಹಿಡ್ಕೊಳ್ಳಿ’ ಅಂದ. ಅರ್ಧ ನಿಮಿಷ ಆದ ಮೇಲೆ ಅವನ ಮುಖ ಬದಲಾಯಿತು. ಕೇಳಿಸಿತ್ತು. ರೆಕಾರ್ಡಿಂಗ್ ಮತ್ತೆ ಮತ್ತೆ ಕೇಳಿದ್ದಕ್ಕೇ ಅವನಿಗೆ ಗುರುತು ಸಿಕ್ಕಿದ್ದು, ಮಗ್ಗುಲಾಗಿ ಮಲಗಿಸಿದ್ದಕ್ಕೇ ಕೇಳಿಸಿದ್ದು. ಎರಡರಲ್ಲಿ ಯಾವುದು ಇಲ್ಲದಿದ್ದರೂ ಆಗುತ್ತಿರಲಿಲ್ಲ.

2019ರಲ್ಲಿ ಬಂದ ನಿಮ್ಮ ಸಿಬಿಎಂಇ (ಸಾಮರ್ಥ್ಯ ಆಧಾರಿತ) ಪಠ್ಯಕ್ರಮದಲ್ಲಿ ಡಿಒಎಪಿ ಅಂತ ಒಂದು ಕ್ರಮ ಇದೆ. ಮೊದಲು ಮಾಡಿ ತೋರಿಸುವುದು, ಆಮೇಲೆ ನೀವು ಗಮನಿಸುವುದು, ನಂತರ ನೆರವಾಗುವುದು, ಕೊನೆಗೆ ನೀವೇ ಮಾಡುವುದು. ಸ್ಕ್ರೀನ್ ಮೊದಲ ಎರಡನ್ನು ಚೆನ್ನಾಗಿ ಕೊಡುತ್ತದೆ, ಕೆಲವು ಸಲ ನಮಗಿಂತ ಚೆನ್ನಾಗಿ. ಕೊನೆಯ ಎರಡನ್ನು ಕೊಡಲು ಅದಕ್ಕೆ ಆಗುವುದಿಲ್ಲ. ಫೌಂಡೇಶನ್ ಕೋರ್ಸಿನಲ್ಲಿ ಸಿಪಿಆರ್ ಮಾಡಿಸಿರುತ್ತಾರಲ್ಲ, ನೆನಪು ಮಾಡಿಕೊಳ್ಳಿ. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು, ಆಳ 5ರಿಂದ 6 ಸೆಂಟಿಮೀಟರ್ ಅಂತ ವಿಡಿಯೋದಲ್ಲಿ ಕಲಿಯಬಹುದು. ಎರಡು ನಿಮಿಷಕ್ಕೆ ತೋಳು ಎಷ್ಟು ನೋಯುತ್ತದೆ, ಸುಸ್ತಾದಾಗ ಆಳ ಹೇಗೆ ಗೊತ್ತಿಲ್ಲದೇ ಕಡಿಮೆ ಆಗುತ್ತದೆ ಅನ್ನುವುದು ಗೊಂಬೆಯ ಎದೆ ಒತ್ತಿದವರಿಗೇ ಗೊತ್ತು. ಅದಕ್ಕೇ 1960ರಲ್ಲಿ ನಾರ್ವೆಯ ಲೇರ್ಡಾಲ್ ಎಂಬ ಆಟಿಕೆ ತಯಾರಕ ಮಾಡಿದ ಆ ಗೊಂಬೆ ಇವತ್ತಿಗೂ ಬೇಕಾಗಿದೆ.

ದೂರದಿಂದ ಕಲಿಸುವುದರ ಒಂದು ಒಳ್ಳೆಯ ಉದಾಹರಣೆಯೂ ಇದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಎಕೋ ಎಂಬ ಪದ್ಧತಿ ಶುರು ಮಾಡಿದರು. ಅವರ ಹೆಪಟೈಟಿಸ್ ಸಿ ಕ್ಲಿನಿಕ್‌ಗೆ ಬರಲು ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಿತ್ತು. ಹಳ್ಳಿಯ ಡಾಕ್ಟರ್‌ಗಳು ವಿಡಿಯೋ ಕಾಲ್‌ನಲ್ಲಿ ತಮ್ಮ ರೋಗಿಯ ಕೇಸ್ ಹೇಳುತ್ತಿದ್ದರು, ತಜ್ಞರು ಅದರ ಮೇಲೇ ಕಲಿಸುತ್ತಿದ್ದರು, ಮರುವಾರ ಏನಾಯಿತು ಅಂತ ಮತ್ತೆ ಕೇಳುತ್ತಿದ್ದರು. 2011ರಲ್ಲಿ ಬಂದ ಫಲಿತಾಂಶದ ಪ್ರಕಾರ ದೊಡ್ಡಾಸ್ಪತ್ರೆಯಲ್ಲಿ ವೈರಸ್ ಹೋದವರು ಶೇಕಡಾ 57.5, ಹಳ್ಳಿ ಡಾಕ್ಟರ್‌ಗಳ ಕೈಯಲ್ಲಿ 58.2. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ಪದ್ಧತಿಯಲ್ಲಿ ಜಿಲ್ಲೆಗಳ ಡಾಕ್ಟರ್‌ಗಳಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡುತ್ತಿದೆ. ಅಲ್ಲಿ ಪಾಠ ಶುರುವಾಗುವುದೇ ನಿಜವಾದ ಒಬ್ಬ ರೋಗಿಯಿಂದ. ನೀವೂ ವಾರ್ಡಿಗೆ ಹೋಗಲು ಶುರು ಮಾಡಿದ ಮೇಲೆ ಹಾಗೇ ಮಾಡಿ. ಬೆಳಿಗ್ಗೆ ನೋಡಿದ ಒಬ್ಬ ರೋಗಿಯ ಕಾಯಿಲೆಯ ವಿಡಿಯೋವನ್ನೇ ಸಂಜೆ ತೆರೆಯಿರಿ.

ಇಲ್ಲಿ ನಿಮಗೊಂದು ಅನುಕೂಲ ಇದೆ, ಅದನ್ನು ಕೊರತೆ ಅಂದುಕೊಂಡಿದ್ದೀರಿ. ನಿಮ್ಮ ರೋಗಿಗಳು ಮಾತಾಡುವುದು ಕನ್ನಡ. ‘ತಲೆ ಸುತ್ತುತ್ತೆ’ ಅಂದರೆ ಒಂದು, ‘ಕಣ್ಣು ಕತ್ತಲೆ ಬರುತ್ತೆ’ ಅಂದರೆ ಇನ್ನೊಂದು. ಮೊದಲನೆಯದಕ್ಕೆ ಕಿವಿಯ ಕಡೆ ಯೋಚಿಸಬೇಕಾಗಬಹುದು, ಎರಡನೆಯದಕ್ಕೆ ಬಿಪಿ, ಹೃದಯದ ಕಡೆ. ‘ಸಂಕಟ’ ಅಂದವರಿಗೆ ಎದೆ ಉರಿಯಾ, ವಾಕರಿಕೆಯಾ, ಮನಸ್ಸಿನ ನೋವಾ ಅಂತ ಮತ್ತೆ ಕೇಳಬೇಕು. ‘ದಮ್ಮು’ ಅಂದರೆ ಆಸ್ತಮಾನೇ ಅಂತ ಬರೆದುಕೊಂಡರೆ ಹಾರ್ಟ್ ಫೇಲ್ಯೂರ್ ತಪ್ಪಿಹೋಗಬಹುದು. ಈ ಪದಗಳನ್ನು ನಾನು ಯಾವ ಆ್ಯಪ್‌ನಲ್ಲೂ ನೋಡಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟು ರೋಗಿ ಹೇಳಿದ ಮಾತನ್ನು ಹಾಗೇ ಬರೆಯಿರಿ, ಪಕ್ಕದಲ್ಲಿ ಕೊನೆಗೆ ಏನು ಕಾಯಿಲೆ ಅಂತ ಗೊತ್ತಾಯಿತೋ ಅದನ್ನು ಬರೆಯಿರಿ. ಇವೂ ಆಂಕಿ ಕಾರ್ಡ್ ಆಗಬಹುದು. ರೋಗಿಯ ಹೆಸರು, ಫೋಟೋ, ಎಕ್ಸ್‌ರೇ ಮಾತ್ರ ನಿಮ್ಮ ಫೋನಿಗೂ ವಾಟ್ಸಾಪ್ ಗುಂಪಿಗೂ ಹೋಗಬಾರದು. ಅವರು ನಂಬಿ ಎದೆ ತೋರಿಸಿರುತ್ತಾರೆ.

ಎಐ ಚಾಟ್‌ಬಾಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಬಳಸುತ್ತೀರಿ ಅಂತ ಗೊತ್ತು. ಉತ್ತರ ಕೇಳಬೇಡಿ, ‘ನನಗೆ ಪ್ರಶ್ನೆ ಕೇಳು’ ಅನ್ನಿ. ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ, ಹಾಗಾಗಿ ಪುಸ್ತಕ ಪಕ್ಕದಲ್ಲಿರಲಿ. ಔಷಧದ ಡೋಸ್ ಮಾತ್ರ ಎಂದಿಗೂ ಅದರಿಂದ ತಗೊಳ್ಳಬೇಡಿ.

ಕೊನೆಯದಾಗಿ ಅಪ್ಪನ ಪ್ರಶ್ನೆ. ಈಗಲೇ ಕಟ್ಟುವುದು ಬೇಡ ಅಂತ ಹೇಳಿ. ಈಗಿರುವ ಆ್ಯಪ್‌ನ ಅವಧಿ ಮುಗಿಯುವವರೆಗೆ ಮೇಲೆ ಹೇಳಿದ ಹಾಗೆ ದಿನಕ್ಕೆ ಒಂದೇ ವಿಡಿಯೋ, ಹಾಳೆ ಪೆನ್ನು ಇಟ್ಟುಕೊಂಡು ನೋಡಿ. ಅದರಲ್ಲಿರುವ ಪ್ರಶ್ನೆಗಳ ಭಾಗವನ್ನು ಜಾಸ್ತಿ ಬಳಸಿ. ಮುಂದಿನ ಇಂಟರ್ನಲ್ ಆದ ಮೇಲೆ ಅದು ನಿಜಕ್ಕೂ ಕೆಲಸಕ್ಕೆ ಬಂತಾ ಅಂತ ನೋಡಿ ತೀರ್ಮಾನ ಮಾಡಬಹುದು. ಆ ದುಡ್ಡಿನಲ್ಲಿ ಒಂದು ಭಾಗ ತೆಗೆದು ಬೆಲ್, ಡಯಾಫ್ರಮ್ ಎರಡೂ ಇರುವ ಸ್ಟೆತೊಸ್ಕೋಪ್ ತಗೊಳ್ಳಿ, ಎರಡನೇ ವರ್ಷದ ವಾರ್ಡ್ ಪೋಸ್ಟಿಂಗ್‌ಗೆ ಹೇಗೂ ಬೇಕು. ರಜೆಗೆ ಊರಿಗೆ ಹೋದಾಗ ಅಪ್ಪನನ್ನು ಕೂರಿಸಿ ಎದೆಯ ಮೇಲಿಡಿ. ಇನ್ನೊಂದು ಕೈಯ ಬೆರಳು ಅವರ ಕುತ್ತಿಗೆಯ ಕೆರೋಟಿಡ್ ಆರ್ಟರಿಯ ಮೇಲೆ ಮೆತ್ತಗೆ ಇರಲಿ. ಬೆರಳಿಗೆ ನಾಡಿ ತಾಗುವ ಹೊತ್ತಿಗೆ ಸರಿಯಾಗಿ ಕೇಳಿಸುವುದು ಮೊದಲ ಸದ್ದು, ಅದಾದ ಮೇಲೆ ಬರುವುದು ಎರಡನೆಯದು. ಆ ಎರಡರ ನಡುವೆ ಯಾವ ಕವಾಟ ತೆರೆದಿದೆ ಅಂತ ಕಣ್ಣು ಮುಚ್ಚಿ ಅಪ್ಪನಿಗೆ ಕನ್ನಡದಲ್ಲಿ ಹೇಳಿ.